ದಿನಾಂಕವೇ ಗಡಿಯಾದ ಬಗೆ: ಇರಾಕಿನ ಕುರ್ದಿಸ್ತಾನ ಪ್ರದೇಶದ ಎಲ್ಲೆಗಳು, ಒಂದು ಪ್ರಕರಣ ಅಧ್ಯಯನ

ಕಿರ್ಕುಕ್ ನಗರದಿಂದ ಇರಾಕಿ ಕುರ್ದಿಸ್ತಾನದ ರಾಜಧಾನಿ ಎರ್ಬಿಲ್ ಕಡೆಗೆ ಹೊರಟ ಹೆದ್ದಾರಿ ಸುಮಾರು ನಲವತ್ತು ಕಿಲೋಮೀಟರ್ ಸಾಗಿದ ಮೇಲೆ ಕಿರು ಝಾಬ್ ನದಿಯನ್ನು ದಾಟುತ್ತದೆ. ಅಲ್ಲಿನ ಪುಟ್ಟ ಊರನ್ನು, ತುರ್ಕಿಗೆ ಹತ್ತಿರದ ಭಾಷೆಯಾಡುವ ತುರ್ಕ್‌ಮೆನ್ನರು ಆಲ್ತುನ್ ಕುಪ್ರಿ, ಅಂದರೆ ಚಿನ್ನದ ಸೇತುವೆ, ಎಂದು ಕರೆಯುತ್ತಾರೆ. ಕುರ್ದರಿಗೆ ಅದು ಪಿರ್ದೆ. ಆ ಹೆಸರು ಹುಟ್ಟಿದ್ದೂ ಸೇತುವೆಯಿಂದಲೇ. 2003ರವರೆಗೆ ಈ ಊರು ಸದ್ದಾಂ ಹುಸೇನ್ ಸರ್ಕಾರದ ಕೈಯಲ್ಲಿತ್ತು. ಆ ವರ್ಷದ ಯುದ್ಧದ ಬಳಿಕ ಕುರ್ದ್ ಪಡೆಗಳಾದ ಪೆಶ್‌ಮೆರ್ಗಾ ಇಲ್ಲಿ ನೆಲೆಯೂರಿದವು. 2017ರ ಅಕ್ಟೋಬರ್ 20ರಂದು ಇದೇ ಸೇತುವೆಯ ಬಳಿ ನಡೆದ ಕಾದಾಟದ ನಂತರ ಇರಾಕಿನ ಕೇಂದ್ರ ಪಡೆಗಳು ಊರನ್ನು ವಶಪಡಿಸಿಕೊಂಡವು. ಮನೆಗಳು, ನದಿ, ಸೇತುವೆ ಎಲ್ಲವೂ ಇದ್ದಲ್ಲೇ ಇದ್ದವು. ಅವುಗಳ ಮೇಲೆ ಹಾದುಹೋಗುವ ಎಲ್ಲೆ ಮಾತ್ರ ಒಂದೇ ತಲೆಮಾರಿನಲ್ಲಿ ಮತ್ತೆ ಮತ್ತೆ ಸರಿಯಿತು.

ಇರಾಕಿನ ಕುರ್ದಿಸ್ತಾನ ಸ್ವಾಯತ್ತ ಪ್ರದೇಶಕ್ಕೆ ಸಂಸತ್ತು, ಮಂತ್ರಿಮಂಡಲ, ಸೇನೆ, ಧ್ವಜ ಎಲ್ಲವೂ ಇವೆ. ಆದರೆ ಅದರ ಗಡಿ ಎಲ್ಲಿದೆ ಎಂದು ಕೇಳಿದರೆ ಕಾನೂನು ಕೊಡುವ ಉತ್ತರದಲ್ಲಿ ನಕ್ಷೆಯೂ ಇಲ್ಲ, ನೆಟ್ಟ ಗಡಿಕಲ್ಲುಗಳ ಲೆಕ್ಕವೂ ಇಲ್ಲ. ಇರುವುದು ಒಂದು ದಿನಾಂಕ. 2004ರ ಮಾರ್ಚ್‌ನಲ್ಲಿ ಅಂಗೀಕಾರವಾದ ಇರಾಕಿನ ಮಧ್ಯಂತರ ಆಡಳಿತ ಕಾನೂನಿನ 53ನೆಯ ವಿಧಿಯ ಪ್ರಕಾರ, ದುಹೋಕ್, ಎರ್ಬಿಲ್, ಸುಲೈಮಾನಿಯಾ, ಕಿರ್ಕುಕ್, ದಿಯಾಲಾ ಮತ್ತು ನಿನೆವೆ ಪ್ರಾಂತ್ಯಗಳಲ್ಲಿ 2003ರ ಮಾರ್ಚ್ 19ರಂದು ಕುರ್ದಿಸ್ತಾನ ಸರ್ಕಾರ ಯಾವ ನೆಲವನ್ನು ಆಳುತ್ತಿತ್ತೋ ಆ ನೆಲವೇ ಅದರ ಪ್ರದೇಶ. ಅಮೆರಿಕದ ದಾಳಿ ಆರಂಭವಾಗುವ ಮುನ್ನಾದಿನ ಯಾರ ಸೈನಿಕ ಎಲ್ಲಿ ನಿಂತಿದ್ದನೋ ಅಲ್ಲಿಗೆ ಗಡಿ ಎಂದು ಇದರ ಅರ್ಥ. 2005ರ ಸಂವಿಧಾನ ಮಧ್ಯಂತರ ಕಾನೂನಿನ ಬಹುಪಾಲನ್ನು ರದ್ದು ಮಾಡಿದರೂ ಈ ಉಪವಿಧಿಯನ್ನು ಉಳಿಸಿಕೊಂಡಿತು. ಗಡಿಯನ್ನು ಜನರನ್ನು ಎಣಿಸಿ ಗುರುತಿಸಬೇಕೆಂಬ ಮಾತು 1970ರಿಂದಲೂ ಪ್ರತಿಯೊಂದು ಒಪ್ಪಂದದಲ್ಲಿ ಬರೆದಿದೆ. ಆದರೆ ಪ್ರತಿ ಸಲವೂ ಎಣಿಕೆಗಿಂತ ಮೊದಲು ಸೇನೆ ಬಂದಿದೆ ಎಂಬುದೇ ಈ ಅಧ್ಯಯನದಲ್ಲಿ ತೋರಿಸಬೇಕಾದ ವಿಷಯ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಬಹುದು. ಈಗಿನ ಇರಾಕಿ ಕುರ್ದಿಸ್ತಾನ ಒಟೋಮನ್ ಸಾಮ್ರಾಜ್ಯದ ಮೋಸುಲ್ ವಿಲಾಯತ್‌ನ, ಅಂದರೆ ಮೋಸುಲ್ ಪ್ರಾಂತ್ಯದ, ಭಾಗವಾಗಿತ್ತು. ಮೊದಲ ಮಹಾಯುದ್ಧದಲ್ಲಿ ಸೋತ ಆ ಸಾಮ್ರಾಜ್ಯದೊಂದಿಗೆ ಗೆದ್ದ ರಾಷ್ಟ್ರಗಳು ಮಾಡಿಕೊಂಡ 1920ರ ಸೆವ್ರ್ ಒಪ್ಪಂದದ 62ರಿಂದ 64ನೆಯ ವಿಧಿಗಳು ಕುರ್ದ್ ಸ್ವಾಯತ್ತತೆಯ, ಮುಂದೆ ಸ್ವಾತಂತ್ರ್ಯದ ಸಾಧ್ಯತೆಯನ್ನು ತೆರೆದಿದ್ದವು. ಆದರೆ ಆ ಒಪ್ಪಂದ ಜಾರಿಗೆ ಬರಲಿಲ್ಲ, ಅದರ ಜಾಗಕ್ಕೆ ಬಂದ 1923ರ ಲೊಸಾನ್ ಒಪ್ಪಂದದಲ್ಲಿ ಕುರ್ದರ ಹೆಸರೇ ಇರಲಿಲ್ಲ. ಮೋಸುಲ್ ಯಾರಿಗೆ ಸೇರಬೇಕೆಂಬ ತುರ್ಕಿ ಮತ್ತು ಬ್ರಿಟನ್ನಿನ ಜಗಳವನ್ನು ರಾಷ್ಟ್ರಸಂಘ 1925ರ ಡಿಸೆಂಬರ್ 16ರಂದು ಇರಾಕಿನ ಪರವಾಗಿ ತೀರ್ಮಾನಿಸಿತು. ಕುರ್ದ್ ಪ್ರದೇಶದ ಆಡಳಿತದಲ್ಲಿ, ನ್ಯಾಯಾಲಯದಲ್ಲಿ, ಶಾಲೆಯಲ್ಲಿ ಅವರ ಭಾಷೆಗೆ ಸ್ಥಾನ ಇರಬೇಕೆಂಬ ಷರತ್ತು ಅದರ ಜೊತೆಗಿತ್ತು. 1932ರಲ್ಲಿ ರಾಷ್ಟ್ರಸಂಘವನ್ನು ಸೇರುವಾಗ ಇರಾಕ್ ಕೊಟ್ಟ ಘೋಷಣೆಯಲ್ಲಿ ಮೋಸುಲ್, ಎರ್ಬಿಲ್, ಕಿರ್ಕುಕ್ ಮತ್ತು ಸುಲೈಮಾನಿಯಾಗಳ ಕುರ್ದ್ ಬಹುಸಂಖ್ಯಾತ ಜಿಲ್ಲೆಗಳಲ್ಲಿ ಅರಬ್ಬಿಯ ಜೊತೆಗೆ ಕುರ್ದಿಶ್ ಕೂಡ ಅಧಿಕೃತ ಭಾಷೆ ಎಂಬ ಭರವಸೆಯಿತ್ತು. ತುರ್ಕ್‌ಮೆನ್ನರು ಗಣನೀಯ ಸಂಖ್ಯೆಯಲ್ಲಿದ್ದ ಕಿರ್ಕುಕ್ ಪ್ರಾಂತ್ಯದ ಭಾಗಗಳಲ್ಲಿ ಕುರ್ದಿಶ್ ಅಥವಾ ತುರ್ಕಿ ಎಂದಿತ್ತು. ಗಮನಿಸಿ, ಕುರ್ದ್ ಪ್ರದೇಶ ಇರಾಕಿನ ಕಡತಗಳಲ್ಲಿ ಮೊದಲು ಕಾಣಿಸಿಕೊಂಡದ್ದು ಭೂಪಟದ ಗೆರೆಯಾಗಿ ಅಲ್ಲ, ಯಾವ ಕಚೇರಿಯಲ್ಲಿ ಯಾವ ಭಾಷೆ ಎಂಬ ಏರ್ಪಾಡಾಗಿ. ಅಷ್ಟರಲ್ಲಿ, 1927ರ ಅಕ್ಟೋಬರ್‌ನಲ್ಲಿ, ಕಿರ್ಕುಕ್ ಬಳಿಯ ಬಾಬಾ ಗುರ್‌ಗುರ್‌ನಲ್ಲಿ ತೈಲ ಚಿಮ್ಮಿತ್ತು. ಮುಂದಿನ ಪ್ರತಿಯೊಂದು ಮಾತುಕತೆಯಲ್ಲೂ ಆ ಬಾವಿ ಮೇಜಿನ ಮೇಲೆ ಇದ್ದೇ ಇತ್ತು.

ಒಂದೇ ಗಣತಿ, ಎರಡು ಉತ್ತರ

ಈ ವಿವಾದದಲ್ಲಿ ಎಲ್ಲ ಪಕ್ಷದವರೂ ಕೈಯಿಟ್ಟು ತೋರಿಸುವ ದಾಖಲೆ 1957ರ ಜನಗಣತಿ. ಮಾತೃಭಾಷೆಯ ಲೆಕ್ಕ ಇದ್ದ, ದೊಡ್ಡ ಪ್ರಮಾಣದ ಬಲವಂತದ ಸ್ಥಳಾಂತರಕ್ಕೆ ಮುಂಚಿನ ಗಣತಿ ಅದು. ಅದರ ಪ್ರಕಾರ ಕಿರ್ಕುಕ್ ಪ್ರಾಂತ್ಯದ ಸುಮಾರು 3,89,000 ಜನರಲ್ಲಿ ಶೇ 48.2ರಷ್ಟು ಕುರ್ದಿಶ್, ಶೇ 28.2ರಷ್ಟು ಅರಬ್ಬಿ, ಶೇ 21.4ರಷ್ಟು ತುರ್ಕ್‌ಮೆನ್ ಮಾತೃಭಾಷೆಯವರು. ಆದರೆ ಕಿರ್ಕುಕ್ ನಗರವನ್ನಷ್ಟೇ ತೆಗೆದುಕೊಂಡರೆ ಚಿತ್ರ ತಿರುಗುತ್ತದೆ. ಅಲ್ಲಿನ ಸುಮಾರು 1,20,000 ಜನರಲ್ಲಿ ತುರ್ಕ್‌ಮೆನ್ನರು ಶೇ 37.6, ಕುರ್ದರು ಶೇ 33.3, ಅರಬ್ಬರು ಶೇ 22.5.

ಈ ಅಂಕಿಗಳನ್ನು ತುಸು ಹೊತ್ತು ನೋಡಬೇಕು, ಏಕೆಂದರೆ ಮುಂದಿನ ಅರವತ್ತು ವರ್ಷಗಳ ವಾದವೆಲ್ಲ ಇವುಗಳ ಒಳಗೇ ಇದೆ. ಪ್ರಾಂತ್ಯವನ್ನು ಘಟಕವೆಂದು ಹಿಡಿದರೆ ಕುರ್ದರು ಅತಿ ದೊಡ್ಡ ಸಮುದಾಯ, ಆದರೂ ಅರ್ಧಕ್ಕಿಂತ ಕಡಿಮೆ. ನಗರವನ್ನು ಹಿಡಿದರೆ ತುರ್ಕ್‌ಮೆನ್ನರು ಮುಂದೆ, ಆದರೆ ಯಾರಿಗೂ ಬಹುಮತವಿಲ್ಲ. ಕಝಾ ಎಂಬ ಜಿಲ್ಲೆಯನ್ನೋ ಅದರೊಳಗಿನ ನಾಹಿಯಾ ಎಂಬ ಹೋಬಳಿಯನ್ನೋ ಘಟಕವಾಗಿಟ್ಟರೆ ಉತ್ತರ ಮತ್ತೂ ಬದಲಾಗುತ್ತದೆ: ಚಮ್‌ಚಮಾಲ್‌ನಂಥ ಕಡೆ ಬಹುತೇಕ ಎಲ್ಲರೂ ಕುರ್ದರು, ಹವಿಜಾದಲ್ಲಿ ಬಹುತೇಕ ಎಲ್ಲರೂ ಅರಬ್ಬರು. ಹೀಗಾಗಿ ಎಷ್ಟು ಜನ ಎಂಬುದಕ್ಕಿಂತ ಯಾವ ಗೆರೆಯೊಳಗೆ ಎಣಿಸುತ್ತೇವೆ ಎಂಬುದೇ ಫಲಿತಾಂಶವನ್ನು ತೀರ್ಮಾನಿಸುತ್ತದೆ. ಗಡಿಯನ್ನು ಕಂಡುಕೊಳ್ಳಲು ಎಣಿಕೆ ಬೇಕು, ಎಣಿಕೆ ಮಾಡಲು ಮೊದಲೇ ಒಂದು ಗಡಿ ಬೇಕು. ಈ ಗಂಟನ್ನು ಇರಾಕಿನ ಯಾವ ಕಾನೂನೂ ಇಂದಿಗೂ ಬಿಡಿಸಿಲ್ಲ.

1961ರಿಂದ ಮುಲ್ಲಾ ಮುಸ್ತಫಾ ಬರ್ಜಾನಿ ನೇತೃತ್ವದಲ್ಲಿ ನಡೆದ ದೀರ್ಘ ಸಂಘರ್ಷದ ನಂತರ, 1970ರ ಮಾರ್ಚ್ 11ರಂದು ಇರಾಕನ್ನು ಆಳುತ್ತಿದ್ದ ಬಾಥ್ ಪಕ್ಷದ ಸರ್ಕಾರ ಸ್ವಾಯತ್ತತೆಯ ಒಪ್ಪಂದಕ್ಕೆ ಬಂತು. ನಾಲ್ಕು ವರ್ಷದೊಳಗೆ ಸ್ವಾಯತ್ತ ಪ್ರದೇಶ ಜಾರಿಗೆ ಬರಬೇಕು, ಗಣತಿಯಲ್ಲಿ ಕುರ್ದ್ ಬಹುಮತ ಕಂಡುಬಂದ ಭಾಗಗಳೆಲ್ಲ ಅದರೊಳಗೆ ಸೇರಬೇಕು ಎಂಬುದು ಮಾತು. ಗಣತಿ ಮುಂದೂಡಲ್ಪಟ್ಟಿತು, ಮತ್ತೆ ನಡೆಯಲೇ ಇಲ್ಲ. 1974ರ ಮಾರ್ಚ್ 11ರಂದು, ಒಪ್ಪಂದಕ್ಕೆ ಸರಿಯಾಗಿ ನಾಲ್ಕು ವರ್ಷ ತುಂಬಿದ ದಿನ, ಬಾಗ್ದಾದ್ ತಾನೇ 33ನೆಯ ಸಂಖ್ಯೆಯ ಸ್ವಾಯತ್ತತಾ ಕಾನೂನನ್ನು ಹೊರಡಿಸಿತು. ಎಲ್ಲೆಯನ್ನು ನಿರ್ಧರಿಸುವ ಆಧಾರ 1957ರ ಗಣತಿಯ ದಾಖಲೆ ಎಂದು ಆ ಕಾನೂನೇ ಹೇಳುತ್ತಿತ್ತು. ಆದರೆ ಆಚರಣೆಯಲ್ಲಿ ಸ್ವಾಯತ್ತ ಪ್ರದೇಶವೆಂದರೆ ಎರ್ಬಿಲ್, ಸುಲೈಮಾನಿಯಾ, ದುಹೋಕ್ ಎಂಬ ಮೂರು ಪ್ರಾಂತ್ಯಗಳು ಮಾತ್ರ. ಕಿರ್ಕುಕ್, ಖಾನಖೀನ್, ಸಿಂಜಾರ್ ಹೊರಗುಳಿದವು. ಬರ್ಜಾನಿ ಒಪ್ಪಲಿಲ್ಲ, ಯುದ್ಧ ಮತ್ತೆ ಹೊತ್ತಿಕೊಂಡಿತು. ಇರಾನಿನ ಷಾ ಕೊಡುತ್ತಿದ್ದ ಬೆಂಬಲ 1975ರ ಮಾರ್ಚ್ 6ರ ಅಲ್ಜಿಯರ್ಸ್ ಒಪ್ಪಂದದೊಂದಿಗೆ ನಿಂತಾಗ ಕುರ್ದ್ ಪ್ರತಿರೋಧ ಕೆಲವೇ ವಾರಗಳಲ್ಲಿ ಕುಸಿಯಿತು.

ಆಮೇಲೆ ಗೆದ್ದವರು ಎರಡು ಕಡೆಯಿಂದ ಕೆಲಸಕ್ಕಿಳಿದರು. ಮೊದಲನೆಯದು ಪ್ರಾಂತ್ಯವನ್ನೇ ಕತ್ತರಿಸುವುದು. 1976ರಲ್ಲಿ ಕಿರ್ಕುಕ್ ಪ್ರಾಂತ್ಯದಿಂದ ಚಮ್‌ಚಮಾಲ್ ಮತ್ತು ಕಲಾರ್‌ಗಳನ್ನು ಸುಲೈಮಾನಿಯಾಕ್ಕೆ, ಕಿಫ್ರಿಯನ್ನು ದಿಯಾಲಾಕ್ಕೆ, ತುಜ್ ಖುರ್ಮಾತುವನ್ನು ಹೊಸದಾಗಿ ರಚಿಸಿದ ಸಲಾಹುದ್ದೀನ್ ಪ್ರಾಂತ್ಯಕ್ಕೆ ಸೇರಿಸಲಾಯಿತು. ಉಳಿದ ತುಂಡಿಗೆ ಅತ್-ತಾಮೀಮ್ ಎಂದು ಹೆಸರಿಟ್ಟರು. ಅದರ ಅರ್ಥ ರಾಷ್ಟ್ರೀಕರಣ, 1972ರ ತೈಲ ರಾಷ್ಟ್ರೀಕರಣದ ನೆನಪಿಗೆ. ಕುರ್ದ್ ಜಿಲ್ಲೆಗಳು ಕಳಚಿಹೋದ ಮೇಲೆ ಮಿಕ್ಕ ಪ್ರಾಂತ್ಯದಲ್ಲಿ ಕುರ್ದರ ಪ್ರಮಾಣ ತಾನಾಗಿ ಇಳಿಯಿತು. ಇಲ್ಲಿ ಒಂದು ವೈಪರೀತ್ಯವನ್ನು ಹೇಳಲೇಬೇಕು: ಚಮ್‌ಚಮಾಲ್, ಕಲಾರ್‌ಗಳು ಸುಲೈಮಾನಿಯಾಕ್ಕೆ ಸೇರಿದ್ದರಿಂದ ಸ್ವಾಯತ್ತ ಪ್ರದೇಶ ಕಾಗದದ ಮೇಲೆ ಹಿಗ್ಗಿತು. ಕುರ್ದರಿಗೆ ನೆಲ ಕೊಟ್ಟಂತೆ ಕಂಡ ಈ ಕ್ರಮದ ಗುರಿ ಕಿರ್ಕುಕ್‌ನ ತೈಲವನ್ನು ಅವರಿಂದ ದೂರ ಇಡುವುದಾಗಿತ್ತು.

ಎರಡನೆಯದು ಜನರನ್ನೇ ಬದಲಿಸುವುದು. ಕುರ್ದ್ ಹಳ್ಳಿಗಳನ್ನು ನೆಲಸಮ ಮಾಡಿ ಜನರನ್ನು ಸರ್ಕಾರಿ ವಸತಿಗಳಿಗೆ ತಳ್ಳಲಾಯಿತು. ದಕ್ಷಿಣದಿಂದ ಬಂದು ನೆಲೆಸಲು ಒಪ್ಪಿದ ಅರಬ್ ಕುಟುಂಬಗಳಿಗೆ ಹಣ, ನಿವೇಶನ ಕೊಡಲಾಯಿತು. ಕೊಟ್ಟ ಮೊತ್ತದ ನೆನಪಿನಲ್ಲಿ ಸ್ಥಳೀಯರು ಅವರನ್ನು ಇಂದಿಗೂ ‘ಹತ್ತು ಸಾವಿರದವರು’ ಎನ್ನುತ್ತಾರೆ. ಕುರ್ದ್ ಗ್ರಾಮಾಂತರದ ಮೇಲೆ ಸದ್ದಾಂ ಸೇನೆ ನಡೆಸಿದ 1988ರ ಅನ್ಫಾಲ್ ಕಾರ್ಯಾಚರಣೆ ಇದರ ಅತಿ ಕ್ರೂರ ಘಟ್ಟ. ಮಾನವ ಹಕ್ಕು ಸಂಸ್ಥೆಗಳ ಅಂದಾಜಿನಲ್ಲಿ 50,000ದಿಂದ 1,00,000, ಕುರ್ದರ ಲೆಕ್ಕದಲ್ಲಿ 1,82,000 ಜನ ಅದರಲ್ಲಿ ಪ್ರಾಣ ಕಳೆದುಕೊಂಡರು. ಅದೇ ವರ್ಷದ ಮಾರ್ಚ್ 16ರಂದು ಹಲಬ್ಜಾ ಪಟ್ಟಣದ ಮೇಲೆ ವಿಷಾನಿಲ ಸುರಿಯಿತು.

ಗಡಿಯ ಬಗ್ಗೆ ಬರೆಯುವವರು ಹೆಚ್ಚಾಗಿ ಸೇನೆಗಳ ಚಲನೆಯನ್ನಷ್ಟೇ ವಿವರಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಒಂದು ಸರ್ಕಾರಿ ನಮೂನೆ. 1990ರ ದಶಕದಲ್ಲಿ ಕಿರ್ಕುಕ್‌ನ ಕುರ್ದ್, ತುರ್ಕ್‌ಮೆನ್ ಮತ್ತು ಅಸಿರಿಯನ್ ಕುಟುಂಬಗಳ ಮುಂದೆ ‘ರಾಷ್ಟ್ರೀಯತೆಯ ತಿದ್ದುಪಡಿ’ ಎಂಬ ಅರ್ಜಿಯನ್ನು ಇಡಲಾಗುತ್ತಿತ್ತು. ತಾವು ಅರಬ್ಬರು, ಈವರೆಗಿನ ದಾಖಲೆಯಲ್ಲಿ ತಪ್ಪಾಗಿದೆ, ಸರಿಪಡಿಸಿ ಎಂದು ಅವರೇ ಸಹಿ ಹಾಕಿ ಕೊಡಬೇಕು. ಒಪ್ಪದಿದ್ದರೆ ನಗರ ಬಿಡಬೇಕು. ಹೊರಡುವ ಕುಟುಂಬದ ಪಡಿತರ ಚೀಟಿಯನ್ನೂ ಮನೆಯ ಕಾಗದಪತ್ರಗಳನ್ನೂ ಅಧಿಕಾರಿಗಳು ಕಿತ್ತಿಟ್ಟುಕೊಳ್ಳುತ್ತಿದ್ದ ಪ್ರಸಂಗಗಳು ದಾಖಲಾಗಿವೆ. ದೇಶವೆಲ್ಲ ವಿಶ್ವಸಂಸ್ಥೆಯ ಆರ್ಥಿಕ ನಿರ್ಬಂಧದಡಿ ಪಡಿತರದ ಮೇಲೆ ಬದುಕುತ್ತಿದ್ದ ಆ ಕಾಲದಲ್ಲಿ ಚೀಟಿ ಹೋಯಿತೆಂದರೆ ಊಟ ಹೋದಂತೆ. 1991ರಿಂದ 2003ರ ನಡುವೆ ಹೀಗೆ ಹೊರದೂಡಲ್ಪಟ್ಟವರು 1,20,000ಕ್ಕೂ ಹೆಚ್ಚು ಎಂಬುದು ಮಾನವ ಹಕ್ಕು ಸಂಸ್ಥೆಗಳ ಅಂದಾಜು. ಬಹುಸಂಖ್ಯಾತರ ನೆಲವೇ ಕುರ್ದಿಸ್ತಾನ ಎಂದು ಕಾನೂನು ಬರೆದ ಮೇಲೆ, ಬಹುಸಂಖ್ಯೆಯನ್ನು ಒಡೆಯುವುದೇ ಗಡಿಯನ್ನು ಸರಿಸುವ ಉಪಾಯವಾಯಿತು.

ಸೇನೆ ನಿಂತಲ್ಲಿ ಗೆರೆ

1991ರ ಮಾರ್ಚ್‌ನಲ್ಲಿ, ಕುವೈತ್ ಯುದ್ಧದ ಬೆನ್ನಿಗೇ, ಕುರ್ದರು ಎದ್ದು ಕಿರ್ಕುಕ್ ಸೇರಿದಂತೆ ಬಹುಪಾಲು ಪಟ್ಟಣಗಳನ್ನು ಕೆಲವು ದಿನ ಹಿಡಿದಿಟ್ಟುಕೊಂಡರು. ಸೇನೆ ತಿರುಗಿಬಿದ್ದಾಗ ಲಕ್ಷಾಂತರ ಜನ ತುರ್ಕಿ ಮತ್ತು ಇರಾನಿನ ಗಡಿಯ ಬೆಟ್ಟಗಳಿಗೆ ಓಡಿದರು. ಏಪ್ರಿಲ್ 5ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 688ನೆಯ ನಿರ್ಣಯವನ್ನು ಅಂಗೀಕರಿಸಿತು. ಅಮೆರಿಕ ಮತ್ತು ಮಿತ್ರರಾಷ್ಟ್ರಗಳು 36ನೆಯ ಅಕ್ಷಾಂಶದ ಉತ್ತರಕ್ಕೆ ಇರಾಕಿ ವಿಮಾನಗಳ ಹಾರಾಟವನ್ನು ನಿಷೇಧಿಸಿದವು. ಈ ಅಕ್ಷಾಂಶವೇ ಕುರ್ದಿಸ್ತಾನದ ಗಡಿ ಎಂಬ ತಪ್ಪು ತಿಳಿವಳಿಕೆ ಬಹಳ ಕಡೆ ಕಾಣುತ್ತದೆ. ನಕ್ಷೆ ತೆರೆದು ನೋಡಿದರೆ ಸಾಕು: ಬಾಗ್ದಾದ್ ಕೈಯಲ್ಲೇ ಉಳಿದ ಮೋಸುಲ್ ನಗರ ಅದರ ಉತ್ತರಕ್ಕಿದೆ, ಕುರ್ದರ ಕೈಗೆ ಬಂದ ಸುಲೈಮಾನಿಯಾ ಮತ್ತು ಹಲಬ್ಜಾಗಳು ಅದರ ದಕ್ಷಿಣಕ್ಕಿವೆ.

ನಿಜವಾದ ಗೆರೆ ಬೇರೆಯದು. 1991ರ ಅಕ್ಟೋಬರ್‌ನಲ್ಲಿ ಸದ್ದಾಂ ಸರ್ಕಾರ ತನ್ನ ಪಡೆಗಳನ್ನೂ ನೌಕರರನ್ನೂ ಉತ್ತರದಿಂದ ಹಿಂದಕ್ಕೆ ಕರೆಸಿಕೊಂಡು, ಒಂದು ರಕ್ಷಣಾ ಸಾಲನ್ನು ಕಟ್ಟಿ, ಅದರ ಆಚೆಗೆ ಇಂಧನ, ಆಹಾರ, ಸಂಬಳಗಳನ್ನು ತಡೆಹಿಡಿಯಿತು. ಹಸಿವಿನಿಂದ ಕುರ್ದರು ಬಗ್ಗುತ್ತಾರೆಂಬ ಎಣಿಕೆ ಅದು. ಅವರು ಬಗ್ಗಲಿಲ್ಲ, 1992ರ ಮೇ 19ರಂದು ಚುನಾವಣೆ ನಡೆಸಿ ತಮ್ಮದೇ ಸರ್ಕಾರ ರಚಿಸಿಕೊಂಡರು. ಮುತ್ತಿಗೆಯ ಆ ಸಾಲೇ ಹಸಿರು ಗೆರೆ ಎಂಬ ಹೆಸರು ಪಡೆದು ಗಡಿಯಾಯಿತು.

ಆ ಗೆರೆ ಯಾವ ಪ್ರಾಂತ್ಯದ ಎಲ್ಲೆಯನ್ನೂ ಅನುಸರಿಸಲಿಲ್ಲ. ಮಖ್ಮೂರ್ ಮತ್ತು ಆಕ್ರೆ ಎಂಬ ಎರಡು ಜಿಲ್ಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅದು ಚೆನ್ನಾಗಿ ತಿಳಿಯುತ್ತದೆ. ಮಖ್ಮೂರ್ ಎರ್ಬಿಲ್ ಪ್ರಾಂತ್ಯದ್ದು, 1974ರ ಸ್ವಾಯತ್ತತೆಯ ಒಳಗಿನದು. ಆದರೆ ಗೆರೆಯ ಆಚೆ ಬಿದ್ದದ್ದರಿಂದ ಅದನ್ನು ಮೋಸುಲ್‌ನಿಂದ ಆಳಲಾಯಿತು. ಆಕ್ರೆ ನಿನೆವೆ ಪ್ರಾಂತ್ಯದ್ದು, 1974ರಲ್ಲಿ ಹೊರಗಿದ್ದದ್ದು. ಗೆರೆಯ ಈಚೆ ಬಿದ್ದದ್ದರಿಂದ ದುಹೋಕ್‌ನ ಜೊತೆ ನಡೆಯಿತು. ದಿಯಾಲಾ ಪ್ರಾಂತ್ಯದ ಕಿಫ್ರಿ ಹೀಗೆಯೇ ಕುರ್ದ್ ಆಡಳಿತಕ್ಕೆ ಬಂತು. 53ನೆಯ ವಿಧಿಯಲ್ಲಿ ಮೂರರ ಬದಲು ಆರು ಪ್ರಾಂತ್ಯಗಳ ಹೆಸರು ಇರುವುದಕ್ಕೆ ಕಾರಣ ಇದೇ.

1994ರಿಂದ 1998ರವರೆಗೆ ಮುಲ್ಲಾ ಮುಸ್ತಫಾರ ಮಗ ಮಸೂದ್ ಬರ್ಜಾನಿಯ ಕುರ್ದಿಸ್ತಾನ ಡೆಮಾಕ್ರಟಿಕ್ ಪಕ್ಷಕ್ಕೂ ಜಲಾಲ್ ತಾಲಬಾನಿಯ ಕುರ್ದಿಸ್ತಾನ ದೇಶಪ್ರೇಮಿ ಒಕ್ಕೂಟಕ್ಕೂ ನಡೆದ ಅಂತರ್ಯುದ್ಧ ಪ್ರದೇಶದ ನಡುವೆಯೇ ಇನ್ನೊಂದು ಗೆರೆ ಎಳೆಯಿತು: ಎರ್ಬಿಲ್ ಮತ್ತು ದುಹೋಕ್ ಒಂದು ಆಡಳಿತ, ಸುಲೈಮಾನಿಯಾ ಇನ್ನೊಂದು. ನಕ್ಷೆಗಳಲ್ಲಿ ಈ ಗೆರೆಯನ್ನು ಯಾರೂ ಬರೆಯುವುದಿಲ್ಲ, ಆದರೆ 2017ರಲ್ಲಿ ಅದರ ಬೆಲೆ ಏನೆಂದು ತಿಳಿಯಿತು.

140ನೆಯ ವಿಧಿ

2003ರ ಏಪ್ರಿಲ್ 10ರಂದು ಪೆಶ್‌ಮೆರ್ಗಾ ಕಿರ್ಕುಕ್ ಪ್ರವೇಶಿಸಿದಾಗ ಹೊರದೂಡಲ್ಪಟ್ಟ ಸಾವಿರಾರು ಕುಟುಂಬಗಳು ಮರಳಿ ಹೊರಟವು. ಮನೆ ಇಲ್ಲದವರು ನಗರದ ಫುಟ್‌ಬಾಲ್ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೆ ಗೋಡೆ ಕಟ್ಟಿಕೊಂಡು ವರ್ಷಗಟ್ಟಲೆ ಬದುಕಿದರು. ಇವರ ಹಕ್ಕನ್ನು ಸರಿಪಡಿಸಲು 2005ರ ಸಂವಿಧಾನದ 140ನೆಯ ವಿಧಿ ಒಂದು ಕ್ರಮವನ್ನು ಹಾಕಿಕೊಟ್ಟಿತು. ಮೊದಲು ಸ್ಥಳಾಂತರದ ಅನ್ಯಾಯವನ್ನು ಸರಿಪಡಿಸುವುದು, ಆಮೇಲೆ ಗಣತಿ, ಕೊನೆಗೆ ಜನಮತಗಣನೆ. ಎಲ್ಲವೂ 2007ರ ಡಿಸೆಂಬರ್ 31ರೊಳಗೆ. ಕುರ್ದರು ಈ ಭಾಗಗಳನ್ನು ‘ನಾವ್ಚೆ ದಾಬ್ರಾವೆಕಾನ್’, ಅಂದರೆ ಕಡಿದು ಬೇರ್ಪಡಿಸಿದ ಪ್ರದೇಶಗಳು, ಎನ್ನುತ್ತಾರೆ. ಬಾಗ್ದಾದ್‌ನ ಅರಬ್ಬಿ ಕಡತಗಳಲ್ಲಿ ಅವು ‘ವಿವಾದಿತ ಪ್ರದೇಶಗಳು’. ಒಂದೇ ನೆಲಕ್ಕಿರುವ ಈ ಎರಡು ಹೆಸರುಗಳಲ್ಲೇ ಎರಡು ತೀರ್ಪುಗಳಿವೆ.

ಗಡುವು ಮೀರಿತು, ಮೂರರಲ್ಲಿ ಒಂದು ಹಂತವೂ ಪೂರ್ಣವಾಗಲಿಲ್ಲ. ಕಾರಣಗಳನ್ನು ಒಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ. ಸೋಲುವ ಮತದಾನವನ್ನು ನಡೆಸಲು ಬಾಗ್ದಾದ್‌ಗೆ ಮನಸ್ಸಿರಲಿಲ್ಲ. ಕುರ್ದ್ ಪಕ್ಷಗಳು ಪುನರ್ವಸತಿಯ ಹೆಸರಿನಲ್ಲಿ ತಮ್ಮ ಅಧಿಕಾರವನ್ನು ಬಿಗಿಮಾಡಿಕೊಳ್ಳುತ್ತಿವೆ ಎಂದು ತುರ್ಕ್‌ಮೆನ್ ಮತ್ತು ಅರಬ್ ನಿವಾಸಿಗಳು ಅಂಜಿದರು, ಆ ಅಂಜಿಕೆ ಆಧಾರವಿಲ್ಲದ್ದಲ್ಲ. ‘ಹತ್ತು ಸಾವಿರದವರ’ ಮಕ್ಕಳು ಅಲ್ಲೇ ಹುಟ್ಟಿ ಬೆಳೆದಿದ್ದರು. ಅವರನ್ನು ಎಲ್ಲಿಗೆ ಕಳುಹಿಸುವುದು ಎಂಬ ಪ್ರಶ್ನೆಗೆ ಪರಿಹಾರಧನವಷ್ಟೇ ಉತ್ತರವಾಗಲಾರದು. ವಿಶ್ವಸಂಸ್ಥೆಯ ಪ್ರತಿನಿಧಿ ಸ್ತಫಾನ್ ಡಿ ಮಿಸ್ತುರಾ ನೇತೃತ್ವದ ತಂಡ 15 ಜಿಲ್ಲೆಗಳನ್ನು ಒಂದೊಂದಾಗಿ ಪರಿಶೀಲಿಸಿ 2009ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಜಿಲ್ಲೆಯ ಮಟ್ಟಕ್ಕೆ ಇಳಿದು ನೋಡಿದ ಅತ್ಯಂತ ಶ್ರದ್ಧೆಯ ಪ್ರಯತ್ನ ಅದು ಎಂದು ನಾನು ಭಾವಿಸುತ್ತೇನೆ. ಎರಡೂ ಕಡೆಯವರು ಅದನ್ನು ತೆಗೆದಿಟ್ಟರು. ಸದ್ದಾಂ ಕಾಲದ ಎಲ್ಲೆ ಬದಲಾವಣೆಗಳನ್ನು ರದ್ದುಮಾಡುವ ಮಸೂದೆಯನ್ನು 2011ರಲ್ಲಿ ರಾಷ್ಟ್ರಾಧ್ಯಕ್ಷರಾಗಿದ್ದ ತಾಲಬಾನಿ ಸಂಸತ್ತಿಗೆ ಕಳುಹಿಸಿದರು, ಅದೂ ಕಾನೂನಾಗಲಿಲ್ಲ.

2014ರ ಜೂನ್ 10ರಂದು ಮೋಸುಲ್ ಇಸ್ಲಾಮಿಕ್ ಸ್ಟೇಟ್ ಕೈಗೆ ಬಿದ್ದು, ಇರಾಕಿ ಸೈನ್ಯ ಕಿರ್ಕುಕ್‌ನ ಠಾಣೆಗಳನ್ನು ತೊರೆದಾಗ, ಎರಡೇ ದಿನದಲ್ಲಿ ಪೆಶ್‌ಮೆರ್ಗಾ ಆ ಜಾಗವನ್ನು ತುಂಬಿತು. ಪ್ರದೇಶದ ಅಧ್ಯಕ್ಷ ಮಸೂದ್ ಬರ್ಜಾನಿ, 140ನೆಯ ವಿಧಿ ಈಗ ಮುಗಿದ ವಿಷಯ ಎಂದರು. ಕುರ್ದ್ ಹಿಡಿತದ ನೆಲ ಸುಮಾರು ಶೇ 40ರಷ್ಟು ಹೆಚ್ಚಿತೆಂದು ಆಗ ಅಂದಾಜಿಸಲಾಯಿತು. ಆದರೆ ಅದೇ ಆಗಸ್ಟ್ 3ರಂದು ಸಿಂಜಾರ್‌ನಿಂದ ಪೆಶ್‌ಮೆರ್ಗಾ ಹಿಂದೆ ಸರಿದಾಗ ಅಲ್ಲಿನ ಧಾರ್ಮಿಕ ಅಲ್ಪಸಂಖ್ಯಾತರಾದ ಯಜೀದಿಗಳು ಇಸ್ಲಾಮಿಕ್ ಸ್ಟೇಟಿನ ನರಮೇಧಕ್ಕೆ ಸಿಕ್ಕರು. ತಮ್ಮ ಗಡಿಯೊಳಗಿನವರು ಎಂದು ಹೇಳಿಕೊಂಡ ಜನರನ್ನು ಕಾಯಲಾಗಲಿಲ್ಲ ಎಂಬ ನೋವು ಇಂದಿಗೂ ಆ ಜಿಲ್ಲೆಯಲ್ಲಿ ಕುರ್ದ್ ಆಡಳಿತದ ಮಾತಿಗೆ ಅಡ್ಡ ಬರುತ್ತದೆ.

2017ರ ಸೆಪ್ಟೆಂಬರ್ 25ರ ಸ್ವಾತಂತ್ರ್ಯ ಜನಮತಗಣನೆಯಲ್ಲಿ ಮತ ಹಾಕಿದವರ ಪೈಕಿ ಶೇ 92.7ರಷ್ಟು ಜನ ಹೌದು ಎಂದರು. ಕಿರ್ಕುಕ್ ಮುಂತಾದ ವಿವಾದಿತ ಭಾಗಗಳಲ್ಲೂ ಮತಪೆಟ್ಟಿಗೆ ಇಟ್ಟದ್ದು ಬಾಗ್ದಾದ್‌ನ್ನು ಕೆರಳಿಸಿತು. ತುರ್ಕಿ ಮತ್ತು ಇರಾನ್ ಬಾಗ್ದಾದ್ ಪರ ನಿಂತವು. ಅಕ್ಟೋಬರ್ 16ರಂದು ಇರಾಕಿ ಪಡೆಗಳು ಕಿರ್ಕುಕ್‌ಗೆ ನುಗ್ಗಿದಾಗ ದೇಶಪ್ರೇಮಿ ಒಕ್ಕೂಟದ ಒಂದು ಬಣದ ಪಡೆಗಳು ಹೋರಾಡದೆ ಹಿಂದೆ ಸರಿದವು. ಹಳೆಯ ಒಳಗೆರೆ ಆ ದಿನ ಮೇಲೆದ್ದು ಕಾಣಿಸಿತು. ಪಿರ್ದೆಯ ಸೇತುವೆಯ ಕಾದಾಟ ನಾಲ್ಕು ದಿನದ ಮೇಲೆ ನಡೆಯಿತು. ಎರಡು ವಾರ ಕಳೆಯುವಷ್ಟರಲ್ಲಿ ಗಡಿ ಹೆಚ್ಚುಕಡಿಮೆ 2003ರ ಮಾರ್ಚ್ 19ಕ್ಕೆ ಮರಳಿತ್ತು.

ಆಮೇಲೆ ಎರಡು ಸೇನೆಗಳ ಠಾಣೆಗಳ ನಡುವೆ ಯಾರೂ ಕಾಯದ ನೆಲದ ಪಟ್ಟಿಗಳು ಉಳಿದವು. ಇಸ್ಲಾಮಿಕ್ ಸ್ಟೇಟಿನ ಅಳಿದುಳಿದ ಗುಂಪುಗಳಿಗೆ ಅವು ಅಡಗುದಾಣವಾದವು. 2019ರಲ್ಲಿ ಫೆಡರಲ್ ಸರ್ವೋಚ್ಚ ನ್ಯಾಯಾಲಯ, ಗಡುವು ಮೀರಿದ್ದರೂ 140ನೆಯ ವಿಧಿ ಜೀವಂತ ಎಂದು ಹೇಳಿತು. ಕಿರ್ಕುಕ್‌ನಲ್ಲಿ 2005ರ ನಂತರದ ಮೊದಲ ಪ್ರಾಂತೀಯ ಚುನಾವಣೆ 2023ರ ಡಿಸೆಂಬರ್‌ನಲ್ಲಿ ನಡೆಯಿತು. 2024ರ ನವೆಂಬರ್ 20 ಮತ್ತು 21ರಂದು ದೇಶವ್ಯಾಪಿ ಗಣತಿಯೂ ನಡೆಯಿತು. 1987ರ ನಂತರ ಇಡೀ ಇರಾಕನ್ನು ಎಣಿಸಿದ ಮೊದಲ ಗಣತಿ ಅದು. ಆದರೆ ಅದರ ಪ್ರಶ್ನಾವಳಿಯಲ್ಲಿ ಜನಾಂಗದ ಕಾಲಂ ಇರಲಿಲ್ಲ. ಜಗಳ ಬೇಡವೆಂದು ಆ ಪ್ರಶ್ನೆಯನ್ನೇ ಕೈಬಿಟ್ಟದ್ದರಿಂದ ಮಾತೃಭಾಷೆಯ ಅಂಕಿಗಳಿಗೆ ಕಿರ್ಕುಕ್ ಇಂದಿಗೂ 1957ನ್ನೇ ನೋಡಬೇಕಾಗಿದೆ.

2025ರಲ್ಲಿ ಎರಡು ಕಾನೂನುಗಳು ಬಂದವು. ಜನವರಿಯಲ್ಲಿ, ಬಾಥ್ ಕಾಲದ ಕ್ರಾಂತಿ ಮಂಡಳಿಯ ಆದೇಶಗಳಡಿ ಕಸಿದುಕೊಂಡ ಹೊಲಗಳನ್ನು ಕುರ್ದ್ ಮತ್ತು ತುರ್ಕ್‌ಮೆನ್ ರೈತರಿಗೆ ಹಿಂದಿರುಗಿಸುವ ಮಸೂದೆಯನ್ನು ಇರಾಕಿ ಸಂಸತ್ತು ಅಂಗೀಕರಿಸಿತು. ಏಪ್ರಿಲ್‌ನಲ್ಲಿ ಹಲಬ್ಜಾವನ್ನು ದೇಶದ 19ನೆಯ ಪ್ರಾಂತ್ಯವೆಂದು ಒಪ್ಪಿತು. ಹಲಬ್ಜಾದ ಸುತ್ತ ಎಳೆದ ಗೆರೆ ಕುರ್ದಿಸ್ತಾನದ ಒಳಗಿನದು, ಹೊರಗಡಿಯನ್ನು ಒಂದು ಮೊಳವೂ ಸರಿಸುವುದಿಲ್ಲ. ಆದರೂ ಈ ನೆಲದ ಎಲ್ಲೆಗಳಲ್ಲಿ ಗುಂಡಿನ ಸದ್ದಿಲ್ಲದೆ, ಬಾಗ್ದಾದ್‌ನ ಸದನದಲ್ಲಿ ಕೈ ಎತ್ತಿ ಬರೆದ ಅಪರೂಪದ ಗೆರೆ ಅದು. ಕಸಿದ ಹೊಲಗಳ ಕಾನೂನಿನ ಪರೀಕ್ಷೆ ನಡೆಯುವುದು ಕಿರ್ಕುಕ್‌ನ ಹಳ್ಳಿಗಳಲ್ಲಿ: 1970ರ ದಶಕದ ಹಕ್ಕುಪತ್ರ ಹಿಡಿದ ಕುಟುಂಬವೂ ಅದೇ ಹೊಲವನ್ನು ಐವತ್ತು ವರ್ಷ ಉತ್ತ ಕುಟುಂಬವೂ ಒಂದೇ ಸರ್ವೆ ನಂಬರಿನ ಮುಂದೆ ನಿಂತಿರುವ ಕಡೆ.